ನೆಲ ಮುಟ್ಟಿದ ಸರಕು

ಸುಂಕದ ಗುತ್ತಿಗೆದಾರ ಗೂಳಿಯ ಆಳು ನನ್ನ ತಂಗಿಯ ಮೊಣಕಾಲಿನ ಹಿಂದಕ್ಕೆ ಒದ್ದ. ಒದೆಯುವುದರಲ್ಲಿ ಅವರಿಗೆ ಒಳ್ಳೆ ಅಭ್ಯಾಸವಿತ್ತು. ಎಲ್ಲಿಗೆ ಕಾಲು ಕೊಟ್ಟರೆ ಮನುಷ್ಯ ಸಾಯದೆ ಬುಟ್ಟಿ ಮಾತ್ರ ಬೀಳುತ್ತದೆ ಎಂದು ಅಳೆದು ಒದೆಯುತ್ತಿದ್ದರು. ಅವಳು ಮಂಡಿ ಕುಸಿದು ಬಿದ್ದಳು. ತಲೆಯ ಮೇಲಿದ್ದ ಮೊಟ್ಟೆಬುಟ್ಟಿ ಕತ್ತಿಗೆ ಬಡಿದು, ಭುಜದ ಮೇಲೆ ಜಾರಿ, ಕಲ್ಲುಹಾಸಿಗೆ ಬಿತ್ತು. ಆಳು ಬಗ್ಗಿ ಒಡೆಯದೆ ಉಳಿದಿದ್ದ ನಾಲ್ಕು ಮೊಟ್ಟೆ ಆರಿಸಿ ಜೇಬಿಗೆ ಹಾಕಿಕೊಂಡು, "ನೆಲ ಮುಟ್ತು. ತೆಗಿ ಐದು" ಎಂದ.

ನಮ್ಮ ಮಾರುಕಟ್ಟೆಯ ಕಾನೂನೇ ಅದು. ಸುಂಕದ ಗುತ್ತಿಗೆ ಕಾಗದದಲ್ಲಿ ಬರೆದಿರುವುದು ಒಂದೇ ಸಾಲು: ನಗರಸಭೆಯ ನೆಲವನ್ನು ಬಳಸಿದ ಸರಕಿಗೆ ಸುಂಕ. ಬುಟ್ಟಿಗೆ ಐದು ರೂಪಾಯಿ, ಮೂಟೆಗೆ ಹತ್ತು. ಮಾರಿದರೂ ಅಷ್ಟೇ, ಕೊಳೆತು ವಾಪಸ್ಸು ಹೊತ್ತುಕೊಂಡು ಹೋದರೂ ಅಷ್ಟೇ. ನೆಲ ಮುಟ್ಟದಿದ್ದರೆ ಮಾತ್ರ ಸುಂಕವಿಲ್ಲ. ಹಾಗಾಗಿ ಸಣ್ಣ ವ್ಯಾಪಾರದವರು ಯಾರೂ ಬುಟ್ಟಿ ಕೆಳಗಿಡುತ್ತಿರಲಿಲ್ಲ. ತಲೆಯ ಮೇಲೆ, ಸೊಂಟದ ಮೇಲೆ, ಕೊರಳಿಗೆ ಹಗ್ಗ ಬಿಗಿದು ಎದೆಯ ಮೇಲೆ, ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ನಿಂತೇ ಮಾರುತ್ತಿದ್ದರು. ಟೊಮೆಟೊ ಮಾರುವವಳು ಮೂರು ತಿಂಗಳ ಕೂಸನ್ನು ನೆಲದ ಮೇಲೆ ಮಲಗಿಸಿ ಟೊಮೆಟೊವನ್ನು ಎತ್ತಿಕೊಂಡಿರುತ್ತಿದ್ದಳು. ಕೂಸಿಗೆ ಸುಂಕವಿರಲಿಲ್ಲವಲ್ಲ! ಬೀಳಿಸುವುದು ಗೂಳಿಯ ಆಳುಗಳ ಕೆಲಸ, ಬೀಳದಂತೆ ನಿಲ್ಲುವುದು ಇವರ ಕೆಲಸ. ಇನ್ನು ಹಿಂದಿನ ಬೀದಿಯ ಸಗಟು ವ್ಯಾಪಾರಿಯ ಗೋದಾಮಿನ ನೆಲ ಅವನ ಸ್ವಂತದ್ದು. ಅಲ್ಲಿ ಇಳಿಯುವ ಸಾವಿರ ಮೂಟೆಗೂ ಸುಂಕವಿಲ್ಲ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ.

ನನ್ನದು ಈರುಳ್ಳಿ ವ್ಯಾಪಾರ. ಎರಡು ಮೂಟೆ ತಲೆಯ ಮೇಲಿಟ್ಟುಕೊಂಡು ನಿಲ್ಲಲಾಗುವುದಿಲ್ಲ, ಹಾಗಾಗಿ ದಿನಾ ಇಪ್ಪತ್ತು ಕೊಟ್ಟು ಕೂರುತ್ತಿದ್ದೆ. ಕೊಟ್ಟವಳಿಗೆ ಬಯ್ಯುವ ಹಕ್ಕೂ ಇರುತ್ತದೆ ಎಂಬುದು ನನ್ನ ಲೆಕ್ಕ. ನನ್ನ ಬಾಯಿಗೆ ಹೆದರಿ ನನ್ನನ್ನು ಎಲ್ಲರೂ ಸಿಡಿಲಕ್ಕ ಅನ್ನುತ್ತಿದ್ದರು. ಆ ದಿನ ಮಾತ್ರ ನಾನು ಬಾಯಿ ತೆಗೆಯಲಿಲ್ಲ. ತಕ್ಕಡಿಯಿಂದ ಎರಡು ಕಿಲೋ ತೂಕದ ಬಟ್ಟು ಎತ್ತಿಕೊಂಡು ಹೋಗಿ, ಜೇಬಿಗೆ ಮೊಟ್ಟೆ ತುರುಕುತ್ತಿದ್ದವನ ಕಿವಿಗೆ ಬಾರಿಸಿದೆ. ಕಿವಿ ಅರ್ಧ ಹರಿದು ಜೋತುಬಿತ್ತು. ಉಳಿದ ಮೂವರು ನನ್ನನ್ನು ಕೆಡವಿಕೊಂಡು ತುಳಿದರು. ಎರಡು ಹಲ್ಲು ಹೋದವು, ಒಂದು ಪಕ್ಕೆಲುಬು ಮುರಿಯಿತು. ಗೂಳಿ ಸ್ವಲ್ಪ ದೂರದಲ್ಲಿ ನಿಂತು ಉಗುರಲ್ಲಿ ಹಲ್ಲು ಕೆದಕುತ್ತ, "ಸಾಕು ಬಿಡ್ರೋ, ನಾಳೆ ಇವಳು ಇಪ್ಪತ್ತು ಕೊಡೋಕೆ ಎದ್ದು ಬರಬೇಕಲ್ಲ" ಎಂದ.

ಆಸ್ಪತ್ರೆಯಲ್ಲಿ ನನ್ನ ಪಕ್ಕೆಲುಬಿನ ಬಗ್ಗೆ ವೈದ್ಯರು ತಲೆಕೆಡಿಸಿಕೊಳ್ಳಲಿಲ್ಲ. ತಂಗಿಯ ಕತ್ತಿನ ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷದಿಂದ ಹೊರ್ತಿದೀಯಮ್ಮ?"

"ಹದಿನೇಳು."

"ಇನ್ನು ಹೊರಬೇಡ. ಮೂಳೆ ಮೂಳೆ ನಡುವೆ ಇರೋ ಮೆತ್ತೆ ಪೂರ್ತಿ ಸವೆದಿದೆ. ಇನ್ನೊಂದು ಪೆಟ್ಟು ಬಿದ್ರೆ ಎರಡೂ ಕೈ ಹೋಗ್ತವೆ. ಹೋದ್ರೆ ಮತ್ತೆ ಬರಲ್ಲ."

ಆಗಲೇ ಅವಳ ಬೆರಳು ಜೋಮು ಹಿಡಿಯುತ್ತಿದ್ದವು. ಮೊಟ್ಟೆ ಕೈಯಲ್ಲಿದೆಯೋ ಇಲ್ಲವೋ ತಿಳಿಯದೆ ಗಿರಾಕಿಯ ಎದುರೇ ಬೀಳಿಸುತ್ತಿದ್ದಳು. ಅಮ್ಮ ಹೋದಾಗ ಅವಳಿಗೆ ಆರು ವರ್ಷ, ನನಗೆ ಹದಿನೈದು. ಅವಳ ಜಡೆ ಹೆಣೆದವಳು ನಾನು, ಹೇನು ತೆಗೆದವಳು ನಾನು, ಲಾರಿ ಓಡಿಸುವ ಅವಳ ಗಂಡ ವಾಪಸ್ಸು ಬರದೆ ಯಾವುದೋ ಊರಲ್ಲೇ ಉಳಿದುಬಿಟ್ಟಾಗ ಕರೆತಂದು ನನ್ನ ಒಂದೇ ಕೋಣೆಯಲ್ಲಿ ಇಟ್ಟುಕೊಂಡವಳೂ ನಾನು. ಮನೆಗೆ ಬರುವ ದಾರಿಯಲ್ಲಿ ಹೇಳಿದೆ, "ನಾಳೆಯಿಂದ ಬುಟ್ಟಿ ಕೆಳಗಿಟ್ಟು ಕೂರು ಕಣೇ."

"ದಿನಕ್ಕೆ ಉಳಿಯೋದು ಹನ್ನೊಂದು. ಅದರಲ್ಲಿ ಐದು ಕೊಟ್ರೆ ತಿನ್ನೋದೇನು ಅಕ್ಕ?"

"ನಾನಿಲ್ವಾ?"

"ನೀನಿದೀಯ. ಇವತ್ತು ನಿನ್ನ ಎರಡು ಹಲ್ಲು ಹೋಯ್ತು. ಹಾಗೆ ಎಷ್ಟು ದಿನ ಇರ್ತೀಯ?" ಎಂದು ನಕ್ಕಳು. ಅಂಥ ಹೊತ್ತಲ್ಲೂ ನಗುವವಳು ಅವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ರಕ್ತದ ಕಲೆಯ ರವಿಕೆಯಲ್ಲೇ ನಗರಸಭೆಯ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ನೆಗಡಿಯ ಮನುಷ್ಯ, ಸದಾ ಮೂಗು ಒರೆಸಿಕೊಳ್ಳುತ್ತಿದ್ದ, ಆದರೆ ಕೂತುಕೋ ಎನ್ನುವಷ್ಟು ಒಳ್ಳೆಯವ.

"ನೋಡಿ ಅಮ್ಮ, ನಿಮ್ಮ ಮೊಟ್ಟೆ, ಸೊಪ್ಪು ಎಣಿಸೋಕೆ ನಾವು ಆಳು ಇಡೋಕಾಗುತ್ತಾ? ವರ್ಷಕ್ಕೊಂದ್ಸಲ ಹರಾಜು ಹಾಕ್ತೀವಿ. ಜಾಸ್ತಿ ಕೂಗಿದವನಿಗೆ ಗುತ್ತಿಗೆ. ಅವನು ನಮಗೆ ಆರು ಕಂತಲ್ಲಿ ಕಟ್ತಾನೆ. ಅದರ ಮೇಲೆ ಎತ್ತಿದ್ದು ಅವನದು, ಕಮ್ಮಿ ಬಿದ್ರೆ ಅವನ ಹಣೆಬರಹ."

"ಹೊಡೆದು ಎತ್ತಿದರೆ?"

"ಹೊಡೆದಿದ್ದು ರಸೀದಿಯಲ್ಲಿ ಬರಲ್ಲಮ್ಮ."

"ಆ ದುಡ್ಡಲ್ಲಿ ಏನ್ ಮಾಡ್ತೀರಿ? ಯಾರ ಹೊಟ್ಟೆಗೆ ಹೋಗುತ್ತೆ?"

ಅವನಿಗೆ ಸಿಟ್ಟು ಬಂತು. "ಚರಂಡಿ ಯಾರು ತೋಡಿಸ್ತಾರೆ? ಬೀದಿದೀಪ? ನಿನ್ನೆ ನಿಮ್ಮ ತಂಗಿ ಕತ್ತಿಗೆ ಪಟ್ಟಿ ಕಟ್ಟಿದಳಲ್ಲ, ಆ ದಾದಿ ಸಂಬಳ ಎಲ್ಲಿಂದ ಬರುತ್ತೆ ಅಂದ್ಕೊಂಡ್ರಿ? ಸುಂಕ ಬೇಡ ಅಂದ್ರೆ ನಾಳೆ ಮೊಣಕಾಲುದ್ದ ಕೊಚ್ಚೇಲಿ ನಿಂತು ಮಾರ್ತೀರಿ."

ಸುಂಕ ಬೇಡವೆಂದು ನಾನು ಅಂದಿರಲಿಲ್ಲ. ಕೊಡುವುದು ಬೇರೆ, ಕತ್ತು ಮುರಿಸಿಕೊಂಡು ಕೊಡುವುದು ಬೇರೆ. "ಹರಾಜಲ್ಲಿ ಯಾರು ಬೇಕಾದ್ರೂ ಕೂಗಬಹುದಾ?" ಎಂದು ಕೇಳಿದೆ.

"ಠೇವಣಿ ಇಟ್ಟು ಮೊದಲ ಕಂತು ಕಟ್ಟಿದ್ರೆ ಆಯ್ತು. ನಡುವೆ ಒಂದು ಕಂತು ತಪ್ಪಿದ್ರೆ ಠೇವಣಿ ಹೋಯ್ತು, ಗುತ್ತಿಗೆ ಎರಡನೆಯವನಿಗೆ."

ಅಲ್ಲಿಂದ ನೆಟ್ಟಗೆ ತಕ್ಕಡಿ ಮಾವನ ಹತ್ತಿರ ಹೋದೆ. ಮಾರುಕಟ್ಟೆಯಲ್ಲಿ ತಕ್ಕಡಿ, ಕೈಗಾಡಿ ಬಾಡಿಗೆಗೆ ಕೊಡುವ ಮುದುಕ ಆತ. ಯಾರಿಗೂ ಸಂಬಂಧಿಯಲ್ಲ, ಎಲ್ಲರಿಗೂ ಮಾವ. ನಾನು ಹೇಳಿದ್ದನ್ನು ಕೇಳಿ ಅರ್ಧ ಗಂಟೆ ಗಡ್ಡ ಕೆರೆದುಕೊಂಡು, "ಮೊದಲು ಲೆಕ್ಕ ಹಾಕೋಣ. ಗೂಳಿಗೆ ದಿನಕ್ಕೆಷ್ಟು ಹೋಗ್ತಿದೆ ಅಂತ ಗೊತ್ತಾಗದೆ ಕೂಗಿದ್ರೆ ಕೈ ಸುಟ್ಕೋತೀವಿ" ಎಂದ. ಅವತ್ತು ಸಂತೆ ಮುಗಿದ ಮೇಲೆ ಎಲ್ಲರನ್ನೂ ಗಾಡಿಗಳ ಕೊಟ್ಟಿಗೆಗೆ ಕರೆಸಿ ಒಬ್ಬೊಬ್ಬರನ್ನೇ ಕೇಳಿದ. ನಿನ್ನಿಂದ ದಿನಕ್ಕೆಷ್ಟು ಕಿತ್ಕೋತಾನೆ?

ಅಯ್ಯೋ, ಆ ಸಂಜೆ ಜನ ಹೇಳಿದ್ದನ್ನು ನೀವು ಕೇಳಬೇಕಿತ್ತು! ಟೊಮೆಟೊದವಳು, "ಇಪ್ಪತ್ತು ಮಾವ, ಮಗೂ ಹಾಲಿಗೂ ಬಿಡಲ್ಲ" ಎಂದು ಗೋಳೋ ಎಂದಳು. ಸೊಪ್ಪಿನವನು, "ಇಪ್ಪತ್ತಾ? ನನ್ನಿಂದ ಮೂವತ್ತು" ಎಂದ. ಅವನ ಇಡೀ ಸೊಪ್ಪಿಗೆ ಮೂವತ್ತು ಬೆಲೆಯಿರಲಿಲ್ಲ. ಒಬ್ಬರಿಗಿಂತ ಒಬ್ಬರು ಹೆಚ್ಚು ಹೊಡೆಸಿಕೊಂಡವರು, ಹೆಚ್ಚು ಕಳೆದುಕೊಂಡವರು. ಬೇರೆಯವರ ಮೇಲೆ ಯಾಕೆ ಹಾಕಲಿ, ನನ್ನ ಸರದಿ ಬಂದಾಗ ನಾನೂ ಮುರಿದ ಪಕ್ಕೆಲುಬು ಒತ್ತಿಕೊಂಡು, "ಐವತ್ತು!" ಎಂದು ಕೂಗಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಚೂರೂ ಅನ್ನಿಸಲಿಲ್ಲ. ಮನಸ್ಸಿಗಾದ ನೋವಿಗೆ ಐವತ್ತು ಕಮ್ಮಿಯೇ. ನನ್ನ ತಂಗಿಯೊಬ್ಬಳೇ ನೆಟ್ಟಗೆ ಹೇಳಿದವಳು.

"ಐದು. ಅದೂ ವಾರಕ್ಕೆ ಎರಡು ಸಲ. ಉಳಿದ ದಿನ ತಪ್ಪಿಸ್ಕೋತೀನಿ."

ಎಲ್ಲರೂ ಹೋ ಎಂದು ನಕ್ಕರು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಐದು ಅನ್ನುತ್ತಾಳಲ್ಲ, ಪೆದ್ದಿ! ಮಾವ ಕೂಡಿಸಿದ. ದಿನಕ್ಕೆ ಎರಡು ಸಾವಿರದ ಇನ್ನೂರು, ವರ್ಷಕ್ಕೆ ಹತ್ತಿರ ಹತ್ತಿರ ಎಂಟು ಲಕ್ಷ. ಗೂಳಿ ಕಳೆದ ಹರಾಜಿನಲ್ಲಿ ಕೂಗಿದ್ದು ಎರಡೂವರೆ. "ಪಾಪಿ, ಐದೂವರೆ ಲಕ್ಷ ಒಬ್ಬನೇ ನುಂಗಿದನಲ್ಲೋ!" ಎಂದು ಇಡೀ ಕೊಟ್ಟಿಗೆ ಬಾಯಿ ಬಡಿದುಕೊಂಡಿತು. ನಾಲ್ಕರವರೆಗೆ ಕೂಗಿದರೂ ಸುಂಕ ಅರ್ಧ ಇಳಿಸಬಹುದು, ಯಾರನ್ನೂ ಹೊಡೆಯದೆ, ಎಲ್ಲರೂ ಬುಟ್ಟಿ ಕೆಳಗಿಟ್ಟು ಕೂರಬಹುದು. ಹೆಂಗಸರು ಕಿವಿಯೋಲೆ ಬಿಚ್ಚಿದರು, ಗಂಡಸರು ಉಂಗುರ ಕಿತ್ತರು, ಠೇವಣಿಯ ಗಂಟು ಕಟ್ಟಿದೆವು. ಮೊದಲ ಕಂತಿಗೆ ಮನೆಮನೆಯ ಡಬ್ಬಿ ಬರಿದಾಯಿತು.

ಹರಾಜಿನಲ್ಲಿ ಗೂಳಿ ನನ್ನನ್ನು ನೋಡಿ ಮೊದಲು ನಕ್ಕ. ಮೂರು ಲಕ್ಷ ದಾಟಿದ ಮೇಲೆ ನಗು ನಿಂತಿತು. ಆಮೇಲೆ ಏನೋ ಹೊಳೆದವನಂತೆ ಮತ್ತೆ ನಗತೊಡಗಿದ. ಮೂರೂವರೆ ಎಂದೆ, ಅವನು ಮೂರು ಎಪ್ಪತ್ತು ಎಂದ. ಮಾವ ಹಿಂದಿನಿಂದ ಸೆರಗು ಜಗ್ಗಿ, "ನಿಧಾನ, ನಿಧಾನ" ಎನ್ನುತ್ತಿದ್ದ. ಗೂಳಿ ನನ್ನ ಬಾಯಿಯ ಕಡೆ ಬೆರಳು ತೋರಿಸಿ, "ಹಲ್ಲಿಲ್ಲದ ಬಾಯಲ್ಲಿ ಎಷ್ಟು ಅಂತ ಕೂಗ್ತಾಳೆ ನೋಡಿ, ಮೂರು ತೊಂಬತ್ತು" ಎಂದ. ಸಿಟ್ಟಿಗೆ ಕಣ್ಣಿಗೆ ಕತ್ತಲೆ ಕವಿಯಿತು. "ನಾಲ್ಕು!" ಎಂದು ಕಿರುಚಿದೆ. ಅವನು ಎದ್ದು ನಿಂತು, ಎರಡೂ ಕೈ ಜೋಡಿಸಿ, "ನಿನಗೇ ಇರಲಿ ಸಿಡಿಲಕ್ಕ" ಎಂದು ಹೊರಟುಹೋದ.

ಮೊದಲ ದಿನ ಬೆಳಿಗ್ಗೆ ಅವನ ಆಳುಗಳು ಬಂದರು, ಸುಮ್ಮನೆ ನಮ್ಮನ್ನು ಹೆದರಿಸಿ ಹೋಗಲು. ನಾವು ಕಾಯುತ್ತಲೇ ಇದ್ದೆವು. ಮಾವ ಗೇಟು ಹಾಕಿದ. ಒಳಗೆ ಸಿಕ್ಕಿದವರನ್ನು ನಾವು ನೂರಿನ್ನೂರು ಜನ ಬಟ್ಟು, ಗಾಡಿಯ ಗೂಟ, ಮೂಟೆ ಎತ್ತುವ ಕೊಕ್ಕೆ, ಕೈಗೆ ಸಿಕ್ಕಿದ್ದರಲ್ಲಿ ಬಡಿದೆವು. ಟೊಮೆಟೊದವಳು ಒಬ್ಬನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದಳು. ಅವನ ದವಡೆ ಒಂದು ಕಡೆಗೆ ಹೋಗಿ ಅಲ್ಲೇ ನಿಂತಿತು. ಸೊಪ್ಪಿನವನು ಮತ್ತೊಬ್ಬನ ಕೈಬೆರಳುಗಳನ್ನು ಗಾಡಿಚಕ್ರದ ಕೆಳಗಿಟ್ಟು ಗಾಡಿ ತಳ್ಳಿದ. ಚಟ ಚಟ ಎಂದ ಸದ್ದು ನನಗೆ ಕೇಳಿಸಿತು. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಅವರನ್ನು ಎಳೆದು ಚರಂಡಿಗೆ ಹಾಕಿ, ಕೈ ತೊಳೆದು, ವ್ಯಾಪಾರ ಶುರು ಮಾಡಿದೆವು.

ನನ್ನ ತಂಗಿ ಬುಟ್ಟಿ ಕೆಳಗಿಟ್ಟಳು. ಅದರ ಹಿಂದೆ ಕೂತು ಕಾಲು ಚಾಚಿದಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳು ತಲೆ ಎತ್ತಿ ಮಾರುಕಟ್ಟೆಯ ಸೂರು ನೋಡಿದ್ದಂತೆ. "ಅಕ್ಕ, ಅಲ್ಲಿ ಪಾರಿವಾಳ ಗೂಡು ಕಟ್ಟಿವೆ, ನಿನಗೆ ಗೊತ್ತಿತ್ತಾ?" ಎಂದಳು. ನನಗೆ ಅಳು ಬಂತು. ಬಟ್ಟು ಎತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಸಂಜೆ ಮಾವ ಸುಂಕದ ಚೀಲ ಸುರಿದ. ಅರ್ಧ ಸುಂಕದ ಲೆಕ್ಕದಲ್ಲಿ ಸಾವಿರದ ನೂರು ಇರಬೇಕಿತ್ತು. ಇದ್ದದ್ದು ಮುನ್ನೂರ ಹತ್ತು.

ವಾರ ಕಳೆಯುವಷ್ಟರಲ್ಲಿ ಅದು ಇನ್ನೂರಕ್ಕೆ ಇಳಿಯಿತು. ಗೂಳಿಯ ಭಯ ಹೋದದ್ದೇ ತಡ, ಒಬ್ಬೊಬ್ಬರಾಗಿ ಬುಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿದ್ದರು. "ನೆಲ ಮುಟ್ಟಿಲ್ಲ ನೋಡಕ್ಕ" ಎಂದು ಹಲ್ಲು ಕಿರಿಯುತ್ತಿದ್ದರು. ಈಗ ತಳ್ಳುವವರು ಯಾರೂ ಇಲ್ಲವಲ್ಲ, ಎತ್ತಿಕೊಂಡು ನಿಲ್ಲುವುದು ಮೊದಲಿಗಿಂತ ಸುಲಭ. ಮಾವ ಎಲ್ಲರನ್ನೂ ಮತ್ತೆ ಕೊಟ್ಟಿಗೆಗೆ ಕರೆದ.

"ನೀನು ಇಪ್ಪತ್ತು ಅಂದಿದ್ಯಲ್ಲೇ. ಹತ್ತಾದ್ರೂ ಕೊಡು."

"ಅವತ್ತು ಹೊಟ್ಟೆ ಉರೀತಿತ್ತು, ಉಪ್ಪು ಖಾರ ಹಚ್ಚಿ ಹೇಳ್ದೆ. ನನ್ನ ಹತ್ರ ಅಷ್ಟಿದ್ರೆ ನಾನ್ಯಾಕೆ ಟೊಮೆಟೊ ಮಾರ್ತಿದ್ದೆ?" ಎಂದಳು ಟೊಮೆಟೊದವಳು.

ಮಾವ ಕೊನೆಗೆ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಮಾವ ಎಲ್ಲರಿಂದ ನಿಜ ಹೇಳಿಸಿ ಮತ್ತೆ ಕೂಡಿಸಿದಾಗ ನಮಗೆ ಅರ್ಥವಾಯಿತು, ಗೂಳಿ ಹೊಡೆದು ಬಡಿದು ಕಿತ್ತರೂ ಅವನಿಗೆ ಬರುತ್ತಿದ್ದದ್ದು ದಿನಕ್ಕೆ ಒಂಬೈನೂರು. ನಾವು ನಮ್ಮ ನಮ್ಮ ನೋವನ್ನು ಕೂಡಿಸಿ, ಆ ಮೊತ್ತ ನಂಬಿ ಗುತ್ತಿಗೆ ಕೂಗಿ ಬಂದಿದ್ದೆವು.

ಸುಂಕವನ್ನು ಮತ್ತೆ ಐದಕ್ಕೆ ಏರಿಸಿದೆ. ಸಾಲಲಿಲ್ಲ. ನನ್ನ ಹತ್ತು ವರ್ಷದ ಉಳಿತಾಯ ಹಾಕಿ ಎರಡನೆಯ ಕಂತು ಕಟ್ಟಿದೆ. ಆಮೇಲೆ ಎಂಟು ಮಾಡಿದೆ. ಎಂಟಾದದ್ದಕ್ಕೆ ಅವರು ಬೆಲೆ ಏರಿಸಿದರು, ಬೆಲೆ ಏರಿದ್ದಕ್ಕೆ ಗಿರಾಕಿಗಳು ಸಗಟು ಗೋದಾಮಿನ ಹಿಂಬಾಗಿಲಿಗೆ ಹೋದರು. ಆತ ಅಲ್ಲೇ ಒಂದು ಮೇಜು ಹಾಕಿ ಚಿಲ್ಲರೆ ಮಾರತೊಡಗಿದ, ನಗುನಗುತ್ತ. ಇತ್ತ ಬುಟ್ಟಿಗಳು ಇನ್ನೂರಿದ್ದದ್ದು ನೂರ ಮೂವತ್ತಾದವು. ಹೋದವರ ಪಾಲನ್ನೂ ಉಳಿದವರೇ ಕೊಡಬೇಕು. ಕೊಟ್ಟರೆ ಅವರೂ ಹೋಗುತ್ತಾರೆ. ರಾತ್ರಿ ನಿದ್ದೆ ಬಿಟ್ಟೆ, ಊಟ ಬಿಟ್ಟೆ. ಕಂತು ತಪ್ಪಿದರೆ ಎಲ್ಲರ ಒಡವೆ ಹೋಗುತ್ತದೆ, ಗೂಳಿ ವಾಪಸ್ಸು ಬರುತ್ತಾನೆ, ನನ್ನ ತಂಗಿಯ ತಲೆಯ ಮೇಲೆ ಬುಟ್ಟಿ ಏರುತ್ತದೆ, ಅವನ ಆಳು ಒದೆಯುತ್ತಾನೆ, ಅವಳ ಕೈ ಹೋಗುತ್ತದೆ. ಕಣ್ಣು ಮುಚ್ಚಿದರೆ ಇಷ್ಟೇ ಕಾಣುತ್ತಿತ್ತು.

ಮೊದಲ ಪೆಟ್ಟು ಸೊಪ್ಪಿನವನಿಗೆ ಹೊಡೆದೆ, ಕೆನ್ನೆಗೆ. ಹೊಡೆದದ್ದಕ್ಕೆ ನನಗೇ ಭಯವಾಯಿತು. ಮರುದಿನ ಭಯವೂ ಆಗಲಿಲ್ಲ. ಕೆನ್ನೆಯಿಂದ ಕೋಲಿಗೆ ಬಂದೆ. ಒಂದು ದಿನ ಗೂಳಿಯ ಆಳು, ಅದೇ ನಾನು ಕಿವಿ ಹರಿದವನು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. "ಕೆಲಸ ಕೊಡಿ ಅಕ್ಕಾ. ನನಗೆ ಇದು ಬಿಟ್ರೆ ಬೇರೆ ಬರಲ್ಲ" ಎಂದ. ಥೂ ಎಂದು ಉಗಿಯಬೇಕಿತ್ತು. ಕಿವಿ ವಾಸಿಯಾಯಿತಾ ಎಂದು ಕೇಳಿ ಕೆಲಸಕ್ಕಿಟ್ಟುಕೊಂಡೆ. ಅವನು ಬಂದ ವಾರದಲ್ಲೇ ದಿನದ ವಸೂಲಿ ಏಳುನೂರು ದಾಟಿತು. ಒಂದು ಬೆಳಿಗ್ಗೆ ಅವನು ತಳ್ಳಿದ ರಭಸಕ್ಕೆ ಟೊಮೆಟೊದವಳು ಕೂಸಿನ ಮೇಲೆಯೇ ಬಿದ್ದಳು. ಕೂಸಿನ ಕಾಲು ಮುರಿಯಿತು. ಅವಳು ನನ್ನ ಮುಖಕ್ಕೆ ಉಗಿದಳು. ನಾನು ಸೆರಗಿನಿಂದ ಒರೆಸಿಕೊಂಡು, "ಎಂಟು" ಎಂದೆ.

ತಂಗಿ ಮಾತ್ರ ದಿನಾ ಬುಟ್ಟಿ ಕೆಳಗಿಟ್ಟು, ಕೇಳುವ ಮೊದಲೇ ಕೊಡುತ್ತಿದ್ದಳು. ಎಂಟಾದ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ಮೂರು. ಮನೆಯಲ್ಲಿ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದಳು. ಮೂರನೆಯ ಕಂತಿನ ದಿನ ಬೆಳಿಗ್ಗೆ, ನಾನು ಚಪ್ಪಲಿ ಮೆಟ್ಟುತ್ತಿರುವಾಗ ಹೇಳಿದಳು, "ಬಿಟ್ಬಿಡು ಅಕ್ಕ. ಗೂಳಿಗೇ ಹೋಗಲಿ."

"ಅವನು ಬಂದ್ರೆ ನೀನು ಮತ್ತೆ ಹೊರಬೇಕು."

"ನನ್ನೊಬ್ಬಳ ಕತ್ತಿಗೋಸ್ಕರ ಎಷ್ಟು ಜನರ ಕಾಲು ಮುರೀತೀಯ?"

ತಟ್ಟೆ ಎತ್ತಿ ಗೋಡೆಗೆ ಎಸೆದೆ. ಯಾರಿಗೋಸ್ಕರ ನಾನು ಇಷ್ಟೆಲ್ಲ ಮಾಡಿದೆನೋ ಅವಳೇ ಹೀಗಂದರೆ ಮನುಷ್ಯರಿಗೆ ಏನಾಗಬೇಡ! ಅವಳು ಚೂರುಗಳನ್ನು ಗುಡಿಸಿ, ಬುಟ್ಟಿಗೆ ಮೊಟ್ಟೆ ಜೋಡಿಸಿಕೊಂಡು ನನಗಿಂತ ಮೊದಲೇ ಹೊರಟಳು.

ಕಂತಿಗೆ ಇನ್ನು ಸಾವಿರದ ನೂರು ಬೇಕಿತ್ತು. ಕಚೇರಿ ಮುಚ್ಚುವುದು ಐದಕ್ಕೆ. ಹಿಂದಿನ ದಿನವೇ ಸಾರಿದ್ದೆ, ನಾಳೆ ಒಂದು ದಿನ ಬುಟ್ಟಿಗೆ ಹತ್ತು ಎಂದು. ನಾನು ಮಾರುಕಟ್ಟೆಗೆ ಕಾಲಿಟ್ಟಾಗ ನೆಲದ ಮೇಲೆ ಒಂದು ಬುಟ್ಟಿಯೂ ಇರಲಿಲ್ಲ. ನೂರ ಮೂವತ್ತು ಜನರೂ ಎತ್ತಿಕೊಂಡು ನಿಂತಿದ್ದರು, ಆಲೂಗಡ್ಡೆ ಮೂಟೆಯವರೂ ಇಬ್ಬಿಬ್ಬರು ಸೇರಿ ಮೂಟೆ ಹಿಡಿದು ನಿಂತಿದ್ದರು. ಮಧ್ಯಾಹ್ನವಾಯಿತು, ನಾಲ್ಕಾಯಿತು, ಯಾರೂ ಕದಲಲಿಲ್ಲ. ಬೆವರು ಸುರಿಯುತ್ತಿತ್ತು, ತೋಳು ನಡುಗುತ್ತಿತ್ತು, ಯಾರೂ ಇಳಿಸಲಿಲ್ಲ.

"ನಿಮ್ಮ ಒಡವೆನೇ ಹೋಗೋದು ಕಣ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಹೋದ್ರೆ ಹೋಗ್ಲಿ. ಗೂಳಿ ಐದಕ್ಕೆ ಹೊಡೀತಿದ್ದ, ನೀನು ಹತ್ತಕ್ಕೆ ಹೊಡೀತೀಯ" ಎಂದಳು ಟೊಮೆಟೊದವಳು. ಅವಳ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ, ನನ್ನ ತಂಗಿ ನಿಂತಿದ್ದಳು. ಮೊಟ್ಟೆಬುಟ್ಟಿ ತಲೆಯ ಮೇಲಿತ್ತು.

"ಇಳಿಸೇ ಅದನ್ನ. ನಿನ್ನ ಹತ್ತು ನಾನು ಹಾಕ್ತೀನಿ."

"ಬೇಡ ಅಕ್ಕ. ಎಲ್ಲರ ಜೊತೆ ನಿಂತಿದೀನಿ."

"ಡಾಕ್ಟರು ಏನಂದಿದ್ರು? ತಲೆ ನೆಟ್ಟಗಿದೆಯಾ ನಿನಗೆ?"

"ನೆಟ್ಟಗಿದೆ. ನನ್ನೊಬ್ಬಳನ್ನ ಬಿಟ್ಟು ಇವರನ್ನೆಲ್ಲ ಹೊಡೆದ್ರೆ ನಾಳೆ ಇವರ ಮುಖ ಹೇಗೆ ನೋಡ್ಲಿ? ಹೊಡೆಯೋದಾದ್ರೆ ನನ್ನಿಂದ ಶುರು ಮಾಡು."

ಹಿಂದಿನಿಂದ ಯಾರೋ, "ತಂಗಿ ಅಂದ್ರೆ ಕೈ ಏಳಲ್ಲ ಬಿಡ್ರೋ" ಎಂದರು. ಕೆಲವರು ನಕ್ಕರು. ಕಿವಿಹರುಕನನ್ನು ನೋಡಿದೆ. ಅವನು ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಇವಳನ್ನ ನಾನು ಮುಟ್ಟಲ್ಲ ಅಕ್ಕಾ" ಎಂದ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ಐವತ್ತು ನಿಮಿಷ.

ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಸಿಟ್ಟಿನಲ್ಲಿ ಮೈಮೇಲೆ ಪ್ರಜ್ಞೆಯಿರಲಿಲ್ಲ ಎಂದೂ ಹೇಳಲಾರೆ. ವೈದ್ಯರ ಮಾತು ಅಕ್ಷರಕ್ಕೆ ಅಕ್ಷರ ನೆನಪಿತ್ತು. ಅದರ ಜೊತೆಗೇ ಇವಳ ಬುಟ್ಟಿ ಬಿದ್ದರೆ ಎಲ್ಲರ ಬುಟ್ಟಿ ಇಳಿಯುತ್ತದೆ ಎಂಬ ಲೆಕ್ಕವೂ ತಲೆಯಲ್ಲಿ ಸ್ಪಷ್ಟವಾಗಿತ್ತು. ನಾನು ಅವಳ ಹಿಂದಕ್ಕೆ ಹೋಗಿ ಮೊಣಕಾಲಿನ ಹಿಂದೆ ಒದ್ದೆ.

ಬೇರೆಯವರಾಗಿದ್ದರೆ ಬುಟ್ಟಿ ಬಿಟ್ಟು ಕೈ ಊರುತ್ತಿದ್ದರು. ಅವಳು ಎರಡೂ ಕೈಯಲ್ಲಿ ಬುಟ್ಟಿಯನ್ನು ಗಟ್ಟಿ ಹಿಡಿದುಕೊಂಡೇ ಬಿದ್ದಳು. ಗದ್ದ ಎದುರಿನ ಕಲ್ಲುಕಟ್ಟೆಯ ಅಂಚಿಗೆ ಬಡಿಯಿತು, ತಲೆ ಹಿಂದಕ್ಕೆ ಹೋಯಿತು, ಒಣಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದಾಯಿತು. ಅಂಗಾತ ಉರುಳಿದ ಅವಳ ಎದೆಯ ಮೇಲೆ ಬುಟ್ಟಿ ಬಿತ್ತು, ಅಲ್ಲಿಂದ ನೆಲಕ್ಕೆ. ಬಾಯಿಂದ ರಕ್ತ ಬಂದು ಕಿವಿಯ ಕಡೆ ಹರಿಯಿತು. ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡುತ್ತಿದ್ದಳು.

ಮೊದಲು ಸೊಪ್ಪಿನವನು ಬುಟ್ಟಿ ಇಳಿಸಿದ. ಆಮೇಲೆ ಅವನ ಪಕ್ಕದವಳು. ಇಡೀ ಮಾರುಕಟ್ಟೆಯಲ್ಲಿ ಬುಟ್ಟಿ ಇಳಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಬ್ಬೊಬ್ಬರೇ ಬಂದು ನನ್ನ ಮುಖ ನೋಡದೆ ಹತ್ತು ಹತ್ತು ಚೀಲಕ್ಕೆ ಹಾಕಿ ಹೋದರು. ಕೇಳದೆಯೇ ಕೊಟ್ಟರು. ಟೊಮೆಟೊದವಳು ಇಪ್ಪತ್ತು ಹಾಕಿ, ಚಿಲ್ಲರೆಗೆ ನಿಲ್ಲದೆ ಹೋದಳು. ಮಾವ ತಂಗಿಯ ಪಕ್ಕ ಕೂತು, "ಲೇ, ಇಲ್ಲಿ ಬಾರೇ, ಇವಳಿಗೇನೋ ಆಗಿದೆ, ಬಾರೇ" ಎಂದು ನನ್ನನ್ನು ಕರೆಯುತ್ತಲೇ ಇದ್ದ. ನಾನು ಎಣಿಸುತ್ತಿದ್ದೆ. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಸಾವಿರದ ಮುನ್ನೂರಿತ್ತು.

ಮಾವ ಅವಳನ್ನು ಕೈಗಾಡಿಯ ಮೇಲೆ ಮಲಗಿಸಿದ. ಕಿವಿಹರುಕ ಗಾಡಿ ಹಿಡಿದ. ಮಾರುಕಟ್ಟೆಯ ಗೇಟಿನ ಹೊರಗೆ ಆಸ್ಪತ್ರೆಗೆ ಎಡಕ್ಕೆ ಹೋಗಬೇಕು, ಕಚೇರಿಗೆ ಬಲಕ್ಕೆ. ನಾಲ್ಕು ಮೂವತ್ತೈದಾಗಿತ್ತು.

"ನೀವು ನಡೀರಿ ಮಾವ, ನಾನು ಹಿಂದೇನೇ ಬಂದೆ" ಎಂದೆ. ಮಾವ ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೂ ಮರೆಯಲಾರೆ. ಅವನು ಎಡಕ್ಕೆ ತಿರುಗಿದ. ನಾನು ಬಲಕ್ಕೆ ಓಡಿದೆ.

ಗುಮಾಸ್ತ ಎರಡು ಸಲ ಎಣಿಸಿ, ಮೂಗು ಒರೆಸಿಕೊಂಡು ರಸೀದಿ ಬರೆದ. "ಪರವಾಗಿಲ್ಲಮ್ಮ. ಗೂಳಿನೂ ಇಷ್ಟು ನೆಟ್ಟಗೆ ಕಟ್ಟಿರಲಿಲ್ಲ. ಮುಂದಿನ ಸಲಾನೂ ನೀವೇ ಕೂಗಿ" ಎಂದ. ನಾಣ್ಯಗಳ ಮೇಲೆ ರಕ್ತವಿತ್ತೇನೋ, ಬೆರಳನ್ನು ಕಾಗದಕ್ಕೆ ಒರೆಸಿದ.

ಆಸ್ಪತ್ರೆಯಲ್ಲಿ ಅವಳನ್ನು ಉದ್ದನೆಯ ಕೋಣೆಯ ಕೊನೆಯ ಹಾಸಿಗೆಗೆ ಹಾಕಿದ್ದರು. ಕತ್ತಿನ ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದರು, ತಲೆ ಆ ಕಡೆ ಈ ಕಡೆ ಹೊರಳದಂತೆ. ಮಾವ ಎದ್ದು ನನಗೆ ಜಾಗ ಬಿಟ್ಟು ಹೊರಗೆ ಹೋದ. ನಾನು ಕೂತೆ. ಅವಳ ಮುಖ ಒರೆಸಿದೆ, ಕಿವಿಯಲ್ಲಿ ಒಣಗಿದ್ದ ರಕ್ತ ತೆಗೆದೆ. ಹಾಸಿಗೆಯ ಅಂಚಿನಲ್ಲಿದ್ದ ಅವಳ ಎರಡೂ ಕೈಗಳನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ಅಂಗೈಯಲ್ಲಿ ಬುಟ್ಟಿಯ ಹೆಣಿಗೆಯ ಗುರುತು ಕೆಂಪಗೆ ಮೂಡಿತ್ತು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದಳು.

"ಕಟ್ಟಿದ್ಯಾ ಅಕ್ಕ?"

"ಕಟ್ಟಿದೆ."

"ಸದ್ಯ. ಅವರ ಒಡವೆ ಉಳೀತು."

ನಾನು ತಪ್ಪಾಯಿತು ಎಂದೆ. ತಪ್ಪಾಯಿತು ಕಣೇ, ನನ್ನ ಕೈ ಸೇದಿಹೋಗಲಿ, ನನ್ನ ಕಾಲು ಬಿದ್ದುಹೋಗಲಿ ಎಂದೆ. ಅವಳು ಸೂರಿನ ಕಡೆ ನೋಡುತ್ತಿದ್ದಳು. ಬೇರೆ ಕಡೆ ನೋಡುವುದು ಅವಳಿಂದ ಆಗುತ್ತಿರಲಿಲ್ಲ. ತುಟಿ ನಡುಗಿತು, ಆರು ವರ್ಷದವಳಿದ್ದಾಗ ನಡುಗುತ್ತಿದ್ದಂತೆಯೇ.

"ಅಕ್ಕ, ಭಯ ಆಗ್ತಿದೆ. ಸ್ವಲ್ಪ ನನ್ನ ಕೈ ಹಿಡ್ಕೋ" ಎಂದಳು.

ನಾನು ಬಂದಾಗಿನಿಂದ ಹಿಡಿದುಕೊಂಡೇ ಕೂತಿದ್ದೆ.